ನಾಲ್ಕೇ ನಿಮಿಷದಲ್ಲಿ ವಿಷಾದಿಸುವ ಯಂತ್ರಕ್ಕೆ, ಅತ್ತೆಯವರ ಅಳಿಯನಿಂದ

ಎಂಥ ಮನುಷ್ಯನನ್ನಾದರೂ ನಾಲ್ಕೇ ನಿಮಿಷದಲ್ಲಿ ಅಳೆದು, ತೂಗಿ, ಬೇಡವೆಂದು ಬದಿಗಿಡಬಲ್ಲ ಮಾನ್ಯ ಯಂತ್ರದವರೇ,

ತಮಗೂ, ತಮ್ಮ ಪರದೆಗೂ, ಪರದೆಯ ಹಿಂದೆ ತಮ್ಮ ತಲೆ ಬಿಸಿಯಾಗದಂತೆ ಬಿಡುವಿಲ್ಲದೆ ತಿರುಗುತ್ತಿರುವ ಫ್ಯಾನಿಗೂ ನನ್ನ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದೇ ನಂಬಿದ್ದೇನೆ. ಅಲ್ಲದಿದ್ದರೆ ತಮ್ಮ ಉತ್ತರ ಒಮ್ಮೆಯಾದರೂ ಐದನೇ ನಿಮಿಷಕ್ಕೆ ಜಾರುತ್ತಿತ್ತು. ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ತಮಗೆ ಕನ್ನಡ ಬಾರದೆಂಬುದನ್ನು ನಾನು ಬಲ್ಲೆ, ನನಗೆ ಈ ಊರಿನ ಭಾಷೆ ಬಾರದೆಂಬುದನ್ನು ತಾವು ಅರವತ್ತನಾಲ್ಕು ಸಲ ತಿಳಿಸಿದ್ದೀರಿ. ಹೀಗಾಗಿ ನಮ್ಮ ಪರಿಚಯವಾದಂದಿನಿಂದ ಇದೇ ಮೊದಲ ಬಾರಿಗೆ ನಾವಿಬ್ಬರೂ ಸರಿಸಮನಾಗಿ ಎದುರುಬದುರು ಕುಳಿತಂತಾಗಿದೆ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ತಮಗೆ ಖಾಸಗಿಯಾಗಿ ಏನು ಬರೆದರೂ ತಾವು ಅದನ್ನು ಅರ್ಜಿಯೆಂದೇ ತಿಳಿದು ತಿರಸ್ಕರಿಸುತ್ತೀರಿ. ಹೋದ ತಿಂಗಳು ತಮಗೆ ಯುಗಾದಿಯ ಶುಭಾಶಯ ಕಳಿಸಿದಾಗಲೂ ‘ತಮ್ಮ ಅನುಭವದಿಂದ ನಾವು ಪ್ರಭಾವಿತರಾಗಿದ್ದೇವೆ, ಆದರೆ ವಿಷಾದದಿಂದ’ ಎಂದೇ ಶುರುಮಾಡಿದಿರಿ.

ನನ್ನ ಪರಿಚಯದ ಅರವತ್ತನಾಲ್ಕು ಪ್ರತಿಗಳು ತಮ್ಮ ಬಳಿ ಇದ್ದರೂ ಓದಿದ ಲಕ್ಷಣ ಕಾಣದ್ದರಿಂದ ಇನ್ನೊಮ್ಮೆ ಹೇಳಿಬಿಡುತ್ತೇನೆ. ವಯಸ್ಸು ನಲವತ್ತಾರು. ಓದಿದ್ದು ಕನ್ನಡ, ದುಡಿದದ್ದು ಬಾಯ್ಲರಿನ ಸಂಗಡ. ಪ್ರಾಸ ನನ್ನ ಹಳೆಯ ತ್ರಾಸ, ದಯವಿಟ್ಟು ಗಮನಿಸಬೇಡಿ. ಕಾಲೇಜಿನ ಗೋಡೆಪತ್ರಿಕೆಯ ಕಾಲದಲ್ಲಿ ಅಂಟಿಕೊಂಡ ಈ ತುರಿಕೆ ಮದುವೆಯಾದ ಮೇಲೂ ಹೋಗಲಿಲ್ಲ. ಒಂದೇ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಹಬೆಯ ಪೈಪುಗಳ ನಡುವೆ ಓಡಾಡಿ, ಎಲ್ಲಿ ಸೋರಿದರೂ ಕಿವಿಯಲ್ಲೇ ಪತ್ತೆ ಹಚ್ಚುವಷ್ಟು ಪಳಗಿದ್ದೆ. ಅಷ್ಟರಲ್ಲಿ ನರ್ಸಾಗಿರುವ ನನ್ನ ಹೆಂಡತಿಯನ್ನು ಈ ಊರಿನ ಆಸ್ಪತ್ರೆಯೊಂದು ಭಾಷೆಯನ್ನೂ ಕಲಿಸಿ ನಾಲ್ಕು ವರ್ಷದ ಕೆಲಸಕ್ಕೆ ಕರೆಸಿಕೊಂಡಿತು. ಅವಳ ಹಿಂದೆ ಅವಳ ಅಮ್ಮ ಬಂದರು, ಅಮ್ಮನ ಹಿಂದೆ ಸೂಟ್‌ಕೇಸುಗಳು ಬಂದವು, ಸೂಟ್‌ಕೇಸುಗಳ ಹಿಂದೆ ನಾನು ಬಂದೆ. ನನ್ನ ಹಳೆಯ ಕಾರ್ಖಾನೆಯವರು ದೊಡ್ಡ ಮನಸ್ಸು ಮಾಡಿ ಒಂದು ವರ್ಷ ನನ್ನ ಕುರ್ಚಿಯನ್ನು ಖಾಲಿ ಇಡಲು ಒಪ್ಪಿದರು. ಆ ವರ್ಷ ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಇಲ್ಲಿ ಕೆಲಸ ಸಿಗದಿದ್ದರೆ ನಾನೊಬ್ಬನೇ ಹಿಂದಿರುಗಿ ಆ ಕುರ್ಚಿಯಲ್ಲಿ ಕೂರಬೇಕು. ಅವಳು ಇಲ್ಲೇ ಇನ್ನೂ ಮೂರು ವರ್ಷ. ಮದುವೆಯಾದ ಇಪ್ಪತ್ತೊಂದನೇ ವರ್ಷದಲ್ಲಿ ಮತ್ತೆ ಬ್ರಹ್ಮಚರ್ಯ. “ರೀ, ಇಲ್ಲಿ ಕೂತು ಕೊರಗೋದಾದ್ರೆ ಹೋಗಿಬಿಡಿ, ನಾನೇನೂ ತಡೆಯಲ್ಲ” ಎಂದು ಹೆಂಡತಿ ಹೇಳಿದ್ದಳು. ಹೇಳುವಾಗ ಒಣಗಿದ್ದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ನನಗೆ ಬರುವ ಒಂದೇ ಭಾಷೆಯಲ್ಲಿ ಹೇಳಿದ ಆ ಮಾತು ಪೂರ್ತಿ ಅರ್ಥವಾಗಲು ನನಗೆ ಎರಡು ದಿನ ಹಿಡಿಯಿತೆಂದರೆ, ತಾವು ನನ್ನ ಭಾಷಾಜ್ಞಾನದ ಬಗ್ಗೆ ತಳೆದ ಅಭಿಪ್ರಾಯ ತೀರಾ ತಪ್ಪೇನಲ್ಲ.

ಪರದೇಶದಲ್ಲಿ ಸಲಹೆಗಾರನಾಗುವ ಐಡಿಯಾ ನನ್ನದಲ್ಲ, ನನ್ನ ಷಡ್ಡಕನದು. “ಭಾವ, ಕನ್ಸಲ್ಟೆಂಟಿಗೆ ಭಾಷೆ ಯಾಕೆ ಬೇಕು? ಟೈ ಕಟ್ಕೊಂಡು, ಹುಬ್ಬು ಗಂಟು ಹಾಕ್ಕೊಂಡು, ಎಲ್ಲದಕ್ಕೂ ‘ಹೂಂ’ ಅಂದ್ರೆ ಮುಗೀತು. ಮಾತಾಡಿದ್ರೇ ಬಣ್ಣ ಬಯಲಾಗೋದು” ಎಂದು ಅವನು ಫೋನಿನಲ್ಲಿ ಧೈರ್ಯ ತುಂಬಿದ. ನನ್ನ ಹತ್ತಿರ ಟೈ ಇತ್ತು, ಹುಬ್ಬೂ ಇತ್ತು. ಸಲಹೆಗಾರರನ್ನು ಕಾರ್ಖಾನೆಗಳಿಗೂ ಆಸ್ಪತ್ರೆಗಳಿಗೂ ಒದಗಿಸುವ ಏಜೆನ್ಸಿಯೊಂದು ಈ ಊರಿನಲ್ಲಿದೆಯೆಂದೂ, ಅಲ್ಲಿ ಅರ್ಜಿಗಳನ್ನೆಲ್ಲ ತಾವೇ ಖುದ್ದಾಗಿ ನೋಡುತ್ತೀರೆಂದೂ ತಿಳಿದು, ತಮ್ಮ ಫಾರಮ್ಮಿನ ಮುಂದೆ ಟೈ ಕಟ್ಟಿಕೊಂಡೇ ಕುಳಿತೆ. ಹನ್ನೊಂದನೇ ಖಾನೆಯವರೆಗೆ ನಮ್ಮ ಸಂಬಂಧ ಚೆನ್ನಾಗಿಯೇ ಇತ್ತು. ಹನ್ನೆರಡನೆಯದು ‘ಸ್ಥಳೀಯ ಭಾಷೆ’. ಅದರಲ್ಲಿ ತಾವು ಕೊಟ್ಟ ಆಯ್ಕೆಗಳು ಐದು: ಮಾತೃಭಾಷೆ, ನಿರರ್ಗಳ, ಉತ್ತಮ, ಸಾಧಾರಣ, ಅಲ್ಪ. ‘ಇಲ್ಲ’ ಎಂಬುದು ಇರಲಿಲ್ಲ. ಹಾಗೂ ಒಬ್ಬ ಇರಬಹುದೆಂಬ ಅನುಮಾನವೇ ತಮ್ಮಂಥ ಸಜ್ಜನರಿಗೆ ಬಂದಿರಲಿಕ್ಕಿಲ್ಲ. ನಾನು ವಿನಯದಿಂದ ‘ಅಲ್ಪ’ವನ್ನು ಒತ್ತಿದೆ. ಸುಳ್ಳಲ್ಲ, ನನಗೆ ಆಗ ನಾಲ್ಕು ಮಾತು ಬರುತ್ತಿತ್ತು. ನಮಸ್ಕಾರ, ಥ್ಯಾಂಕ್ಸ್, ಕ್ಷಮಿಸಿ, ಮತ್ತು ‘ಇದೇ ಕೊನೇ ಸ್ಟಾಪಾ?’ ಇಂಗ್ಲಿಷು ಇಲ್ಲಿ ಬಸ್ ಸ್ಟಾಪಿನವರೆಗೆ ಜೊತೆಗೆ ಬರುತ್ತದೆ, ಬಸ್ಸು ಹತ್ತುವುದಿಲ್ಲ.

ಈ ನಾಲ್ಕು ಮಾತಿನಲ್ಲಿ ಹನ್ನೊಂದು ತಿಂಗಳು ಸಂಸಾರ ಮಾಡಿದ ನನ್ನ ವಿಧಾನವನ್ನು ತಮ್ಮ ಅವಗಾಹನೆಗೆ ತರುತ್ತೇನೆ, ಏಕೆಂದರೆ ಮುಂದಿನ ಅನಾಹುತಕ್ಕೆ ಅದೇ ಕಾರಣ. ಯಾರು ಏನು ಹೇಳಿದರೂ ಮುಗುಳ್ನಗುವುದು, ತಲೆ ಬಾಗಿಸುವುದು, ‘ಥ್ಯಾಂಕ್ಸ್’ ಎನ್ನುವುದು. ಭಾಷೆ ಬಾರದ ಊರಿನಲ್ಲಿ ಭೂಷಣವೆಂದರೆ ಮೌನ, ಆಗಾಗ ಅದರಿಂದಲೂ ಆಗುವುದು ಮಾನ ನ್ಯೂನ. ಕ್ಷೌರದಂಗಡಿಯಲ್ಲಿ ಹೀಗೆ ಥ್ಯಾಂಕ್ಸ್ ಹೇಳಿ ಮೀಸೆ ಕಳೆದುಕೊಂಡೆ. ಮೆಟ್ಟಿಲ ಮೇಲೆ ಸಿಕ್ಕ ಮಹಡಿ ಮನೆಯವರು ಏನೋ ಕೇಳಿದರು, ಥ್ಯಾಂಕ್ಸ್ ಹೇಳಿದೆ. ಸಂಜೆಯ ಹೊತ್ತಿಗೆ ಅವರ ಹಳೆಯ ಸೋಫಾ ನಾಲ್ಕು ಜನರ ಹೆಗಲೇರಿ ನಮ್ಮ ಹಜಾರಕ್ಕೆ ಬಂದು ಕೂತಿತು, ಬಾಗಿಲಿನ ಅರ್ಧಭಾಗ ಅಂದಿನಿಂದ ತೆರೆಯುವುದಿಲ್ಲ. “ಮೂವತ್ತನೇ ತಾರೀಕಾದ ಮೇಲೆ ವಾಪಸ್ ಕೊಡೋಣ ಬಿಡಿ. ಅಮ್ಮ ನಾನು ಇಬ್ಬರೇ, ಇಷ್ಟು ದೊಡ್ಡ ಸೋಫಾ ಇಟ್ಕೊಂಡು ಏನ್ ಮಾಡೋದು” ಎಂದು ಹೆಂಡತಿ ಹೇಳಿದಳು. ಆದುದರಿಂದ ನನ್ನ ಮೊದಲನೆಯ ಕೋರಿಕೆ: ಹನ್ನೆರಡನೇ ಖಾನೆಯಲ್ಲಿ ‘ಅಲ್ಪ’ದ ಕೆಳಗೆ ‘ಮುಗುಳ್ನಗೆ ಮಾತ್ರ’ ಎಂಬ ಆರನೆಯ ಆಯ್ಕೆಯನ್ನು ಸೇರಿಸಿ, ಅಂಥವರನ್ನು ಮೀಸೆ ಇರುವಾಗಲೇ ಎಚ್ಚರಿಸಬೇಕಾಗಿ ವಿನಂತಿ.

ಇನ್ನು ನನ್ನ ಅತ್ತೆಯವರ ವಿಷಯ. ಅವರು ತಮಗೆ ಅರ್ಜಿ ಹಾಕಿರಲಿಲ್ಲವಾದ್ದರಿಂದ ತಮ್ಮ ವಿಷಾದದಿಂದ ಪಾರಾಗಿದ್ದರು. ವಯಸ್ಸು ಅರವತ್ತೆಂಟು, ಓದು ನಾಲ್ಕನೇ ತರಗತಿ. ಈ ಊರಿಗೆ ಬಂದ ಎರಡನೇ ವಾರವೇ ಚೀಲ ಹಿಡಿದು ತರಕಾರಿ ಮಾರ್ಕೆಟ್ಟಿಗೆ ಹೋದರು. ಮೊದಲು ಬೆರಳು ತೋರಿಸಿದರು, ಆಮೇಲೆ ತಲೆ ಅಲ್ಲಾಡಿಸಿದರು, ಮೂರನೇ ತಿಂಗಳಿಗೆ ಜಗಳವಾಡಿದರು, ಆರನೇ ತಿಂಗಳಿಗೆ ಟೊಮೇಟೊ ಮಾರುವವಳ ಗಂಡನ ಕುಡಿತದ ಬಗ್ಗೆ ಅವಳಿಗೇ ಸಮಾಧಾನ ಹೇಳುತ್ತಿದ್ದರು. ನಾನು ಮನೆಯಲ್ಲಿ ಕುಳಿತು ಮೂರು ಆನ್‌ಲೈನ್ ಕೋರ್ಸು ಮುಗಿಸಿ ಮೂರು ಸರ್ಟಿಫಿಕೇಟು ಪಡೆದೆ. ಅವರು ಬಸ್ ಸ್ಟಾಪಿನಲ್ಲಿ ಕುಳಿತು ಮೂರು ಗೆಳತಿಯರನ್ನು ಪಡೆದರು. “ರೀ, ಅಮ್ಮನಿಗೆ ಬಂತು, ನಿಮಗ್ಯಾಕೆ ಬರಲ್ಲ?” ಎಂದು ಹೆಂಡತಿ ಕೇಳಿದಾಗ, ಅವರು ವ್ಯಾಕರಣ ತಪ್ಪು ಮಾತಾಡುತ್ತಾರೆಂದು ನಾನು ಗಂಭೀರವಾಗಿ ಹೇಳಿದೆ. “ಮಾತಾಡ್ತಾರಲ್ಲ!” ಎಂದಳು.

ಆದರೆ ಒಂದು ತೊಡಕಿತ್ತು. ಅತ್ತೆಯವರು ಇಡೀ ಊರಿನ ಜೊತೆ ಮಾತಾಡುತ್ತಿದ್ದರೇ ಹೊರತು ನನ್ನ ಜೊತೆ ಮಾತಾಡುತ್ತಿರಲಿಲ್ಲ. ಕೋಪವಲ್ಲ, ಗೌರವ. ಅಳಿಯನ ಮುಂದೆ ಕೂರಬಾರದು, ನೇರ ಮಾತಾಡಬಾರದೆಂಬುದು ಅವರ ಮನೆತನದಲ್ಲಿ ನಡೆದುಬಂದ ಪದ್ಧತಿ. ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ನಾನು ಎದುರಿಗೇ ಇದ್ದರೂ ಅವರು ಮಗಳಿಗೆ ಹೇಳುತ್ತಿದ್ದರು, ಮಗಳಿಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು: “ಅಳಿಯಂದಿರು ಊಟಕ್ಕೆ ಏಳ್ತಾರಂತಾ?” ನಾನೂ ಗೋಡೆಗೇ, “ಐದು ನಿಮಿಷ ಅಂತೆ” ಎನ್ನುತ್ತಿದ್ದೆ. ಮಧ್ಯದಲ್ಲಿ ಗೋಡೆ ಇಬ್ಬರ ಮಾತನ್ನೂ ತಪ್ಪಿಲ್ಲದೆ ದಾಟಿಸುತ್ತಿತ್ತು. ತಮ್ಮಂಥವರಿಗೆ ಹೋಲಿಸಿದರೆ ಅದು ಬಹಳ ಸುಸಂಸ್ಕೃತ ಸಾಧನ.

ಹೀಗಿರಲು, ನನ್ನ ಹೆಂಡತಿಯ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಿಳಿ ಚಾದರಗಳು ಇಸ್ತ್ರಿಯಿಂದ ಒದ್ದೆಯಾಗಿಯೇ ಹೊರಬರುತ್ತಿದ್ದವು. ಹಬೆಯ ಸಲಹೆಗಾರ ಬೇಕೆಂದು ಅವರು ತಮಗೆ ಬರೆದರು. ನಾನೂ ತಮಗೆ ಬರೆದೆ. ಒದ್ದೆ ಚಾದರ ಅತ್ತ ಕಡೆ, ಹಬೆಯ ಮನುಷ್ಯ ಇತ್ತ ಕಡೆ, ನಡುವೆ ತಾವು. ನಾಲ್ಕನೇ ನಿಮಿಷಕ್ಕೆ ಅರವತ್ತಮೂರನೆಯ ವಿಷಾದ ಬಂತು. ತಾರೀಕು ಇಪ್ಪತ್ತೆರಡು. ಆಗ ಹೆಂಡತಿ ತಮ್ಮ ಕಣ್ಣು ತಪ್ಪಿಸಿ ಹಿಂಬಾಗಿಲಿನಿಂದ ಹೋಗಿ, ಲಾಂಡ್ರಿಯ ಮೇಲ್ವಿಚಾರಕಿಯ ಹತ್ತಿರ, “ನಮ್ಮವರು ಒಂದು ಸಲ ಬಂದು ಕೇಳಿಸಿಕೊಂಡು ಹೋಗ್ತಾರೆ” ಎಂದು ಒಪ್ಪಿಸಿ ಬಂದಳು. ಬಾಯ್ಲರ್ ರೂಮಿನ ಗದ್ದಲದಲ್ಲಿ ಫೋನಿನ ಅನುವಾದಕ್ಕೆ ಕಿವಿ ಕೇಳಿಸುವುದಿಲ್ಲ. ಅವಳಿಗೆ ವಾರ್ಡಿನಲ್ಲಿ ಡ್ಯೂಟಿ. “ಅಮ್ಮ ಬರ್ತಾರೆ ನಿಮ್ಮ ಜೊತೆ” ಎಂದಳು. ನಾನು ಗೋಡೆಯನ್ನು ನೋಡಿದೆ. ಅತ್ತೆಯವರೂ ಅದೇ ಗೋಡೆಯನ್ನು ನೋಡುತ್ತಿದ್ದರು.

ಪ್ರಪಂಚದಲ್ಲಿ ಸಲಹೆಗಾರರು ಹಲವು ವೈಭವದಲ್ಲಿ ಆಗಮಿಸುತ್ತಾರೆ. ನಾನು ಟೈ ಕಟ್ಟಿಕೊಂಡು, ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು, ನಾಲ್ಕು ಹೆಜ್ಜೆ ಹಿಂದೆ ತರಕಾರಿ ಚೀಲದೊಂದಿಗೆ ಅತ್ತೆಯವರನ್ನು ಇಟ್ಟುಕೊಂಡು ಆಗಮಿಸಿದೆ. ಲಾಂಡ್ರಿ ಎಂದರೆ ನೆಲಮಾಳಿಗೆಯ ಉದ್ದನೆಯ ಕೋಣೆ. ಒಂದು ಕೊನೆಯಲ್ಲಿ ತೊಳೆಯುವ ಯಂತ್ರಗಳು, ಮಧ್ಯೆ ಆಳೆತ್ತರದ ಚಾದರದ ರಾಶಿ, ಇನ್ನೊಂದು ಕೊನೆಯಲ್ಲಿ ಇಸ್ತ್ರಿಯ ದಪ್ಪ ರೋಲರುಗಳು, ಅದರಾಚೆ ಬಾಯ್ಲರ್ ರೂಮು. ಬಾಯ್ಲರ್ ನೋಡಿಕೊಳ್ಳುವ ಹಿರಿಯರು, ಕೈತುಂಬ ಹಳೆಯ ಸುಟ್ಟ ಕಲೆ, ನನ್ನ ಟೈಯನ್ನು ನೋಡಿ ಮುಖ ತಿರುಗಿಸಿದರು. ಅವರು ಸರಿಯಾಗಿಯೇ ಗುರುತಿಸಿದ್ದರು. ಮೇಲ್ವಿಚಾರಕಿ ಏನೋ ಕೇಳಿದರು, ಅತ್ತೆಯವರು ಏನೋ ಹೇಳಿದರು, ಅಲ್ಲಿದ್ದವರೆಲ್ಲ ನಕ್ಕರು, ನಾನು ಥ್ಯಾಂಕ್ಸ್ ಹೇಳಿದೆ. ಅತ್ತೆಯವರು ಹೇಳಿದ್ದು ಏನೆಂದು ಆಮೇಲೆ ಹೆಂಡತಿಯಿಂದ ತಿಳಿಯಿತು: “ನಮ್ಮ ಅಳಿಯಂದಿರಿಗೆ ಮನುಷ್ಯರ ಭಾಷೆ ಬರಲ್ಲ, ಕಬ್ಬಿಣದ್ದು ಬರುತ್ತೆ.” ನನ್ನ ಮೂರು ಸರ್ಟಿಫಿಕೇಟುಗಳಲ್ಲಿ ಯಾವುದೂ ನನ್ನನ್ನು ಇಷ್ಟು ಚೆನ್ನಾಗಿ ವರ್ಣಿಸಿಲ್ಲ.

ಅಲ್ಲಿ ಮನೆಯ ಗೋಡೆ ಇರಲಿಲ್ಲ, ಮಗಳಿರಲಿಲ್ಲ. ಅತ್ತೆಯವರು ಒಂದು ಕ್ಷಣ ತಡವರಿಸಿ, ಹತ್ತಿರವಿದ್ದ ಪೈಪನ್ನು ಆರಿಸಿಕೊಂಡರು. “ಈ ಇಸ್ತ್ರಿ ಬೆಳಗ್ಗೆ ಬಿಸಿ ಇರುತ್ತಂತೆ, ಮಧ್ಯಾಹ್ನಕ್ಕೆ ಆರಿಹೋಗುತ್ತಂತೆ, ಅಳಿಯಂದಿರಿಗೆ ಏನಾದ್ರೂ ತಿಳಿಯುತ್ತಂತಾ?” ಎಂದು ಪೈಪನ್ನು ಕೇಳಿದರು. “ನೋಡ್ತಾರಂತೆ” ಎಂದು ನಾನು ಪೈಪಿಗೆ ಹೇಳಿದೆ. ಬಾಯ್ಲರಿನ ಹಿರಿಯರು ಈ ಪೈಪಿನಲ್ಲಿ ಅಂಥದ್ದೇನಿದೆ ಎಂದು ತಾವೂ ಬಗ್ಗಿ ನೋಡಿದರು.

ರೋಲರುಗಳ ಕೆಳಗೆ ತೆಂಗಿನಕಾಯಿ ಗಾತ್ರದ ಕಬ್ಬಿಣದ ಗುಂಡುಗಳಿರುತ್ತವೆ, ಸ್ಟೀಮ್ ಟ್ರ್ಯಾಪ್ ಎನ್ನುತ್ತಾರೆ. ಆರಿ ನೀರಾದ ಹಬೆಯನ್ನು ಹೊರಗೆ ಬಿಟ್ಟು, ಬಿಸಿ ಹಬೆಯನ್ನು ಒಳಗೇ ಹಿಡಿಯುವುದು ಅವುಗಳ ಕೆಲಸ. ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ, ಹಿಡಿಯನ್ನು ನನ್ನ ಕಿವಿಗೆ ಇಟ್ಟರೆ, ಡಾಕ್ಟರಿಗೆ ಎದೆ ಕೇಳಿಸಿದಂತೆ ಒಳಗಿನ ಉಸಿರಾಟ ಕೇಳುತ್ತದೆ. ಒಂದನೆಯದು ಉಸಿರಾಡುತ್ತಿತ್ತು, ಎರಡನೆಯದು ಉಸಿರಾಡುತ್ತಿತ್ತು. ಮೂರನೆಯದು ಮಾತ್ರ ನನ್ನ ಹಾಗೆ, ಸುತ್ತ ನಡೆಯುವುದು ಏನೂ ಅರ್ಥವಾಗದೆ ಸುಮ್ಮನೆ ಕುಳಿತಿತ್ತು. ಸಿಕ್ಕಿಕೊಂಡಿದೆ, ರೋಲರಿನೊಳಗೆ ನೀರು ತುಂಬುತ್ತಿದೆ. ಹನ್ನೊಂದು ತಿಂಗಳಲ್ಲಿ ಮೊದಲ ಬಾರಿಗೆ ಯಾರೋ ಹೇಳಿದ್ದು ನನಗೆ ಪೂರ್ತಿ ಅರ್ಥವಾಗಿತ್ತು, ಮಾನ್ಯರೇ. ಆ ಸಂತೋಷದಲ್ಲಿ ನನಗೆ ಮೈಮರೆವಾಯಿತು.

ನಿಜವಾದ ಸಲಹೆಗಾರ ಇಲ್ಲಿಗೆ ನಿಲ್ಲಿಸಿ ವರದಿ ಬರೆಯುತ್ತಾನೆ. ನನಗೆ ಆ ಸಂಸ್ಕಾರವಿಲ್ಲ. ಕೆಟ್ಟದ್ದು ಕಂಡರೆ ಕೈ ತಡೆಯದು. ಪಕ್ಕದ ವಾಲ್ವನ್ನು ಗಟ್ಟಿಯಾಗಿ ಮುಚ್ಚಿ, ಸ್ಪ್ಯಾನರ್ ಕೇಳಿ ಪಡೆದು, ಟ್ರ್ಯಾಪಿನ ಮುಚ್ಚಳದ ಬೋಲ್ಟಿಗೆ ಹಾಕಿದೆ. ಬಾಯ್ಲರಿನ ಹಿರಿಯರು ಏನೋ ಹೇಳಿದರು. ಮುಗುಳ್ನಕ್ಕು ಥ್ಯಾಂಕ್ಸ್ ಹೇಳಿದೆ. ಅವರು ಇನ್ನೂ ಜೋರಾಗಿ ಹೇಳಿದರು. ನನ್ನ ಕೈಚಳಕವನ್ನು ಮೆಚ್ಚಿದರೆಂದು ತಿಳಿದು ತಲೆಬಾಗಿಸಿ, ಇನ್ನೂ ಜೋರಾಗಿ ಥ್ಯಾಂಕ್ಸ್ ಹೇಳಿ ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿದೆ. ಅವರು ಹೇಳುತ್ತಿದ್ದುದು ಇಷ್ಟು: ಆ ವಾಲ್ವು ಎರಡು ವರ್ಷದಿಂದ ಕೆಟ್ಟಿದೆ, ಹಿಡಿ ತಿರುಗುತ್ತದೆ, ಒಳಗೆ ಮುಚ್ಚುವುದಿಲ್ಲ, ನಿಜವಾದದ್ದು ಗೋಡೆಯ ಹಿಂದಿದೆ.

“ಏಯ್! ಕೈ ತೆಗಿಯೋ! ಸುಟ್ಟೋಗ್ತೀಯ!”

ಪೈಪಿಗಲ್ಲ, ಗೋಡೆಗಲ್ಲ, ನನಗೆ. ಇಪ್ಪತ್ತೊಂದು ವರ್ಷದಲ್ಲಿ ಅತ್ತೆಯವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು. ಅರ್ಥ ಮಾಡಿಕೊಳ್ಳುವ ಮೊದಲೇ ಕೈ ಹಿಂದೆ ಬಂದಿತ್ತು. ನನ್ನ ಬೆರಳುಗಳಿದ್ದ ಜಾಗದಿಂದ ಹಬೆ ಬಿಳಿ ಈಟಿಯಂತೆ ಸೀಟಿ ಹಾಕುತ್ತ ಎದುರಿನ ಗೋಡೆಯವರೆಗೆ ಹೋಯಿತು. ಟೈಯ ತುದಿ ಮಾತ್ರ ಅದಕ್ಕೆ ಸಿಕ್ಕಿ ಸುರುಟಿತು. ಹಿರಿಯರು ಓಡಿಹೋಗಿ ಗೋಡೆಯ ಹಿಂದಿನ ವಾಲ್ವು ಮುಚ್ಚಿದರು. ಸದ್ದಡಗಿದಾಗ ನೋಡುತ್ತೇನೆ, ಅತ್ತೆಯವರು ಸೆರಗಿನಿಂದ ಮುಖ ಮುಚ್ಚಿಕೊಂಡು ಚಾದರದ ರಾಶಿಯ ಹಿಂದೆ ನಿಂತಿದ್ದಾರೆ. ನಾನು ಸುಟ್ಟುಹೋಗುತ್ತಿದ್ದೆನೆಂದು ಅವರಿಗೆ ನಡುಕವಲ್ಲ. ಅಳಿಯನಿಗೆ ‘ಏಯ್’ ಅಂದುಬಿಟ್ಟೆನಲ್ಲ ಎಂದು. ಅಭ್ಯಾಸಬಲದಿಂದ ‘ಥ್ಯಾಂಕ್ಸ್’ ಎಂದೆ. ಅರ್ಥ ತಿಳಿದು ಆ ಮಾತನ್ನು ಆಡಿದ್ದು ಈ ಊರಿನಲ್ಲಿ ಅದೇ ಮೊದಲು.

ಆಮೇಲಿನದು ಅರ್ಧ ಗಂಟೆಯ ಕೆಲಸ. ಹಿರಿಯರು ಹಿಡಿದುಕೊಂಡರು, ನಾನು ಬಿಚ್ಚಿ ತೊಳೆದೆ, ಮತ್ತೆ ಕೂರಿಸಿದೆವು. ಅವರು ಕೈ ಮುಂದೆ ಮಾಡಿದರೆ ಯಾವ ಸ್ಪ್ಯಾನರ್ ಬೇಕೆಂದು ನನಗೆ ತಿಳಿಯುತ್ತಿತ್ತು. ಮೊದಲ ಚಾದರ ಗರಿಗರಿಯಾಗಿ ಹೊರಬಂದಾಗ ಮೇಲ್ವಿಚಾರಕಿ ಅದನ್ನು ಕೆನ್ನೆಗೆ ಒತ್ತಿ ನೋಡಿ, ಅತ್ತೆಯವರ ಹತ್ತಿರ ಬಹಳ ಹೊತ್ತು ಮಾತಾಡಿದರು. ಅತ್ತೆಯವರು ಪೈಪಿನ ಕಡೆ ತಿರುಗಿದರು, ಏನನ್ನೋ ಯೋಚಿಸಿದರು, ಪೈಪನ್ನು ಬಿಟ್ಟು ನನ್ನ ಕಡೆಗೇ ತಿರುಗಿದರು. “ನಿಮಗೆ ಕೆಲಸ ಗೊತ್ತಂತೆ. ಆದ್ರೆ ಒಬ್ಬರನ್ನೇ ಬಿಟ್ರೆ ಸತ್ತುಹೋಗ್ತೀರಂತೆ. ಜೊತೆಗೆ ನಾನೂ ಬರೋದಾದ್ರೆ ಇಬ್ಬರನ್ನೂ ತಗೋತಾರಂತೆ. ಏನು ಹೇಳ್ಲಿ?”

ಏಜೆನ್ಸಿಯ ನಿಯಮದಂತೆ ಇದೂ ತಮ್ಮ ಮೂಲಕವೇ ಹಾದುಹೋಗಬೇಕಿತ್ತು. ಇಪ್ಪತ್ತೇಳನೇ ತಾರೀಕು ತಾವು ನೀಡಿದ ತೀರ್ಪು ನನ್ನ ಮುಂದಿದೆ. ಅದನ್ನು ಎಷ್ಟು ಹೊಗಳಿದರೂ ಸಾಲದು. ಹನ್ನೆರಡನೇ ಖಾನೆಯಲ್ಲಿ ‘ನಿರರ್ಗಳ’ ಎಂದಿದ್ದ ಅತ್ತೆಯವರನ್ನು ತಾವು ನಾಲ್ಕೇ ನಿಮಿಷದಲ್ಲಿ ‘ಹಬೆ ವ್ಯವಸ್ಥೆಯ ಸಲಹೆಗಾರರು’ ಎಂದು ಅಂಗೀಕರಿಸಿದಿರಿ. ನನಗೆ ಅರವತ್ತನಾಲ್ಕನೆಯ ವಿಷಾದ ದಯಪಾಲಿಸಿದಿರಿ. ಕೊನೆಗೆ ಮೇಲ್ವಿಚಾರಕಿ ನನ್ನನ್ನು ‘ಸಲಹೆಗಾರರು ತರುವ ಉಪಕರಣ ಮತ್ತು ಸಹಾಯಕ’ ಎಂಬ ಸಾಲಿನಲ್ಲಿ ಸ್ಕ್ರೂಡ್ರೈವರಿನ ಪಕ್ಕ ಸೇರಿಸಿದರು. ಉಪಕರಣಗಳಿಗೆ ತಾವು ಭಾಷೆ ಕೇಳುವುದಿಲ್ಲವಾದ್ದರಿಂದ ಪಾಸಾದೆ. ಹಳೆಯ ಕಾರ್ಖಾನೆಗೆ, ಕುರ್ಚಿಯನ್ನು ಬೇರೆಯವರಿಗೆ ಕೊಡಿ ಎಂದು ಬರೆದೆ. ಹೆಂಡತಿ ನೇಮಕದ ಕಾಗದವನ್ನು ಎರಡು ಸಲ ಓದಿದಳು; ಅರ್ಧ ತೆರೆದ ಬಾಗಿಲನ್ನೂ ಸೋಫಾವನ್ನೂ ನೋಡಿ, “ಹಾಗಾದ್ರೆ ಇದನ್ನ ಆ ಗೋಡೆ ಕಡೆಗೆ ಸರಿಸೋಣ. ಇರಲಿ ಬಿಡಿ” ಎಂದಳು. ಈ ಸಲ ನನಗೆ ಎರಡು ದಿನ ಬೇಕಾಗಲಿಲ್ಲ.

ಮನೆಯಲ್ಲಿ ಅತ್ತೆಯವರು ಈಗಲೂ ಗೋಡೆಗೇ ಹೇಳುತ್ತಾರೆ. ಬಾಯ್ಲರ್ ರೂಮಿನಲ್ಲಿ ಮಾತ್ರ ನೇರ ಮಾತು, ಅದೂ ಖಾರದ ಜೊತೆ. ಅಲ್ಲಿ ಅವರು ಸಲಹೆಗಾರರು, ನಾನು ಉಪಕರಣ. ಬಿಡುವಿದ್ದಾಗ ಚಾದರದ ರಾಶಿಗೆ ಒರಗಿ ನನಗೆ ಇಲ್ಲಿನ ಭಾಷೆಯನ್ನೂ ಕಲಿಸುತ್ತಿದ್ದಾರೆ. ಮೊದಲು ಏನು ಕಲಿಸಲಿ ಎಂದು ಕೇಳಿದಾಗ, ‘ಕೈ ತೆಗಿ’ ಎಂಬುದನ್ನು ಕಲಿಸಿ ಎಂದೆ. ಈಗ ನನಗೆ ಐದು ಮಾತು ಬರುತ್ತದೆ.

ಆದುದರಿಂದ ನನ್ನ ಎರಡನೆಯ ಮತ್ತು ಕೊನೆಯ ಕೋರಿಕೆ. ತಮ್ಮ ಫಾರಮ್ಮಿನಲ್ಲಿ ಹದಿಮೂರನೆಯ ಖಾನೆಯೊಂದನ್ನು ತೆರೆದು, ಪರದೇಶಕ್ಕೆ ಬಂದ ಪ್ರತಿಯೊಬ್ಬ ಅರ್ಜಿದಾರನನ್ನೂ ಹೀಗೆ ಕೇಳಬೇಕು: ‘ತಮ್ಮ ಕೈ ಸುಡುವ ಹೊತ್ತಿನಲ್ಲಿ ಮರ್ಯಾದೆ ಬಿಟ್ಟು ತಮ್ಮನ್ನು ಕೂಗುವವರು ಯಾರಾದರೂ ಇದ್ದಾರೆಯೇ?’ ‘ಇಲ್ಲ’ ಎಂದವರಿಗೆ ಮಾತ್ರ, ಮಾನ್ಯರೇ, ತಾವು ನಿಜವಾಗಿಯೂ ವಿಷಾದಿಸಿ. ಅದಕ್ಕೆ ನಾಲ್ಕು ನಿಮಿಷ ಸಾಲದಿದ್ದರೆ ಐದನೆಯದನ್ನೂ ತೆಗೆದುಕೊಳ್ಳಿ.

ಅರ್ಜಿ ನನ್ನದು, ಮರ್ಜಿ ತಮ್ಮದು ಎಂಬ ತಿಳಿವಳಿಕೆಯೊಂದಿಗೆ,

ತಮ್ಮಿಂದ ಅರವತ್ತನಾಲ್ಕು ಬಾರಿ ವಿಷಾದಕ್ಕೆ ಪಾತ್ರನಾದರೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಸಲಹೆಗಾರರ ಉಪಕರಣ

ತಾ.ಕ.: ಈ ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಯಂತ್ರಕ್ಕೆ ಇಷ್ಟುದ್ದ ಬರೆಯೋರು ಆ ಮಹಡಿ ಮನೆಯವರಿಗೆ ಸೋಫಾದ ಥ್ಯಾಂಕ್ಸ್ ಇನ್ನೊಂದ್ಸಲ ಹೇಳಿ ಬರಬಾರದಂತಾ?” ಎಂದು ಗೋಡೆಯನ್ನು ಕೇಳಿದರು. ಅಂದಹಾಗೆ, ತಮ್ಮ ಹುದ್ದೆಗೇ ಎಂದಾದರೂ ಅರ್ಜಿ ಕರೆದರೆ ದಯವಿಟ್ಟು ತಿಳಿಸಿ. ತರಕಾರಿ ಮಾರ್ಕೆಟ್ಟಿನಲ್ಲಿ ಅತ್ತೆಯವರು ಅರ್ಧ ನಿಮಿಷದಲ್ಲಿ ಬೇಡ ಎನ್ನುತ್ತಾರೆ, ಮತ್ತು ಎತ್ತಿ ನೋಡದೆ ಯಾವ ಬದನೆಕಾಯಿಯನ್ನೂ ಬೇಡ ಎನ್ನುವುದಿಲ್ಲ.